ಗಡಿ ದಾಟಿದ ಎಂಜಿನ್

"ಕದಿಯೋಕೆ ನಿಮಗೆ ಇದೇ ಸಿಕ್ಕಿದ್ದಾ?"

ಎಂಜಿನ್ನಿನ ಹೊಟ್ಟೆಯೊಳಗೆ ಕೈ ತೂರಿಸಿಕೊಂಡು ಕೂತಿದ್ದ ಅವಳು ತಲೆ ಎತ್ತಿದಳು.

ವರ್ಕ್‌ಶಾಪಿನ ಬಾಗಿಲಲ್ಲಿ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಸಿಟ್ಟಿಗೆ ಅವನ ತುಟಿ ನಡುಗುತ್ತಿತ್ತು. ನೋಟ ಮಾತ್ರ ಅವಳ ಮೇಲಿರಲಿಲ್ಲ. ನೆಲದ ಗೋಣಿತಾಟಿನ ಮೇಲೆ ಬಿಚ್ಚಿ ಹರಡಿದ್ದ ಮೂರು ಡೀಸೆಲ್ ಪಂಪ್‌ಸೆಟ್‌ಗಳ ಮೇಲಿತ್ತು.

"ಯಾರು ನೀವು?"

"ಗೋಡೌನಿಂದ ಬಂದಿದ್ದೀನಿ. ಇವು ಜನ ದಾನ ಕೊಟ್ಟ ಪಂಪುಗಳು. ಯುದ್ಧದಲ್ಲಿ ಎಲ್ಲಾ ಕಳ್ಕೊಂಡ ರೈತರಿಗೆ ಹೋಗಬೇಕಾದ್ದು. ರಿಪೇರಿ ಮಾಡಿ ಅಂತ ಕೊಟ್ರೆ ನೀವು ಬಿಚ್ಚಿ ಮಾರೋಕೆ ಕೂತಿದ್ದೀರಿ."

ಅವಳು ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡು ನಿಧಾನವಾಗಿ ಎದ್ದಳು.

"ದಾನದ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಆದರೂ ಎಣಿಸಿದೆ. ಮೂರಕ್ಕೂ ಹಲ್ಲೇ ಇರಲಿಲ್ಲ. ಅದಕ್ಕೆ ಇದರ ಪಿಸ್ಟನ್ನು, ಅದರ ಹೆಡ್ಡು, ಆ ಮೂಲೆಯದರ ಗಾಲಿ ಸೇರಿಸಿ ಒಂದು ಎಂಜಿನ್ ಮಾಡ್ತಿದ್ದೀನಿ. ಮೂರು ಹೆಣ ಕಳಿಸೋ ಬದಲು ಒಂದು ಜೀವ ಕಳಿಸೋದು ವಾಸಿ ಅಲ್ವಾ?"

'ಹೆಣ' ಎಂಬ ಮಾತಿಗೆ ಅವನ ಮುಖ ಬಿಳಿಚಿಕೊಂಡಿತು. ಆದರೆ ಹೊರಟುಹೋಗಲಿಲ್ಲ. ಬಾಗಿಲ ಬಳಿ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟ.

ಸಂಜೆಯ ಹೊತ್ತಿಗೆ ಎಂಜಿನ್ ಒಂದಾಯಿತು. ಅವಳು ಹ್ಯಾಂಡಲ್ ತಿರುಗಿಸಿದಳು. ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ನೀರಿನ ಡ್ರಮ್ಮಿಗೆ ಇಳಿಬಿಟ್ಟಿದ್ದ ಪೈಪಿನಿಂದ ನೀರು ತೋಳುಗಾತ್ರಕ್ಕೆ ಚಿಮ್ಮಿತು.

ಅವನು ಎದ್ದು ಬಂದು ಎರಡೂ ಕೈಯನ್ನು ನೀರಿಗೆ ಒಡ್ಡಿದ. ಮುಖ ತೊಳೆದುಕೊಂಡ. ತೊಳೆದುಕೊಳ್ಳುತ್ತಲೇ ಇದ್ದ...

'ಅಳ್ತಿದ್ದಾನಾ? ಇಷ್ಟು ನೀರು ಸುರಿಯುವಾಗ ಹೇಗೆ ಗೊತ್ತಾಗಬೇಕು...'

"ತಪ್ಪಾಯ್ತು," ಎಂದ ಕೊನೆಗೆ. "ಯುದ್ಧದಲ್ಲಿ ನಮ್ಮೂರ ಬಾವಿಗಳನ್ನೆಲ್ಲ ಮುಚ್ಚಿಬಿಟ್ರು. ನೀರು ಹೀಗೆ ಬರೋದು ನೋಡಿ ಎಷ್ಟು ಕಾಲ ಆಯ್ತೋ."

ಆಗ ಅವಳಿಗೆ ತಿಳಿಯಿತು. ಅವನು ಗೋಡೌನಿನ ನೌಕರ ಮಾತ್ರ ಅಲ್ಲ. ಗಡಿಯಾಚೆಯ, ಆ ಸುಟ್ಟುಹೋದ ಊರುಗಳವನು.

* * *

ಅಂದಿನಿಂದ ಅವನು ಬರುವುದು ರೂಢಿಯಾಯಿತು.

ಗೋಡೌನಿಗೆ ಬೀಜದ ಮೂಟೆ, ಗುದ್ದಲಿ, ಔಷಧಿ ಹೊಡೆಯುವ ಕ್ಯಾನು, ಪ್ಲಾಸ್ಟಿಕ್ ಪೈಪು ಎಲ್ಲೆಲ್ಲಿಂದಲೋ ಬಂದು ಬೀಳುತ್ತಿದ್ದವು. ಅವನ್ನು ಬೇರೆ ಮಾಡಿ ಲಾರಿಗೆ ಹೇರಿಸುವುದು, ಆಚೆಯ ರೈತರ ಜೊತೆ ಅವರ ಭಾಷೆಯಲ್ಲಿ ಫೋನಿನಲ್ಲಿ ಮಾತಾಡುವುದು ಅವನ ಕೆಲಸ. ಪಂಪುಗಳು ಮಾತ್ರ ಅವಳ ವರ್ಕ್‌ಶಾಪಿಗೆ ಬರುತ್ತಿದ್ದವು.

ವರ್ಕ್‌ಶಾಪ್ ಅವಳ ಅಪ್ಪನದು. ಜೀವಮಾನವೆಲ್ಲ ಎಂಜಿನ್‌ಗಳ ಪಕ್ಕ ಕೂತು ಅಪ್ಪನ ಕಿವಿ ಮಂದವಾಗಿತ್ತು, ಕೈ ನಡುಗತೊಡಗಿತ್ತು. ಈಗ ಮಗಳೇ ಮೇಸ್ತ್ರಿ. ಕಿವಿ ಕೇಳದ ಮನುಷ್ಯ ಮೆಲ್ಲಗೆ ಮಾತಾಡುವುದುಂಟೇ? ಹಾಗಾಗಿ ಆ ಮನೆಯ ಗುಟ್ಟೆಲ್ಲ ಬೀದಿಯ ಗುಟ್ಟು.

"ಮೇಸ್ತ್ರಿ, ನಿನ್ನ ಪರದೇಶಿ ಇವತ್ತು ಬರಲಿಲ್ವಾ?"

ಅಪ್ಪ ಹೀಗೆ ಕೂಗಿದರೆ ಎದುರಿನ ಟೈರ್ ಅಂಗಡಿಯವರು ಮುಖ ತಿರುಗಿಸಿ ನಗುತ್ತಿದ್ದರು. ಅವಳ ಕಿವಿ ಕೆಂಪಾಗುತ್ತಿತ್ತು.

"ಪರದೇಶಿ ಅಂದ್ರೆ ಏನು?" ಎಂದು ಅವನು ಒಮ್ಮೆ ಕೇಳಿದ.

"ಬೇರೆ ದೇಶದವನು ಅಂತ." ತಡೆದು ಹೇಳಿದಳು. "ದಿಕ್ಕಿಲ್ಲದವನು ಅಂತಲೂ..."

ಅವನು ಯೋಚಿಸಿ ನಕ್ಕ. "ಹಾಗಾದ್ರೆ ನಾನು ಅರ್ಧ ಪರದೇಶಿ. ತಮ್ಮ ಇದ್ದಾನಲ್ಲ."

ತಮ್ಮನ ಮಾತು ಬಂದರೆ ಅವನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಇವನು ಓದಲೆಂದು ಊರು ಬಿಟ್ಟು ಇಲ್ಲಿಗೆ ಬಂದವನು. ತಮ್ಮ ಹೊಲ ಬಿಟ್ಟು ಕದಲದವನು. ಊರಿಗೆ ಬೆಂಕಿ ಬಿದ್ದಾಗ ಹೆಂಡತಿಯ ಕೈ ಹಿಡಿದು ಓಡಿ, ದೂರದ ಶಿಬಿರದ ಡೇರೆಯಲ್ಲಿ ಕೂತಿದ್ದ. 'ನೆಲ ಹಾಗೇ ಇದೆ ಅಣ್ಣ, ಹೊಳೆಯೂ ಇದೆ. ನೀರೆತ್ತೋಕೆ ಏನೂ ಇಲ್ಲ' ಎಂದು ಫೋನಿನಲ್ಲಿ ಕೊರಗುತ್ತಿದ್ದ.

"ಪಂಪ್ ಬರ್ತಿದೆ, ಊರಿಗೆ ವಾಪಸ್ ಹೋಗು ಅಂತ ಹೇಳಿಬಿಟ್ಟಿದ್ದೀನಿ," ಎಂದ ಒಂದು ದಿನ, ಮೂರು ಸೇರಿ ಒಂದಾಗಿದ್ದ ಆ ಎಂಜಿನ್ನನ್ನು ತೋರಿಸಿ. "ಈ ಸಲದ ಲಾರಿಯಲ್ಲಿ ಇದು ಹೋಗುತ್ತೆ."

ಅವಳು ಎಂಜಿನ್ನಿನ ಮೇಲೆ ಕೈ ಇಟ್ಟಳು. "ಡೀಸೆಲ್ ಚಿಮ್ಮೋ ನಾಝಲ್ ಮಾತ್ರ ಹಳೇದು. ಹೊಸದು ಎಲ್ಲೂ ಸಿಗಲಿಲ್ಲ. ಸ್ಟಾರ್ಟ್ ಆಗೋಕೆ ಸ್ವಲ್ಪ ಹಠ ಮಾಡುತ್ತೆ. ಮತ್ತೆ ಮತ್ತೆ ತಿರುಗಿಸಬೇಕಾಗಬಹುದು."

"ನನ್ನ ತಮ್ಮನೂ ಹಠಮಾರಿ. ಜೋಡಿ ಸರಿಹೋಯ್ತು ಬಿಡಿ."

ಇಬ್ಬರೂ ನಕ್ಕರು. ಆ ನಗು ನಿಂತ ಮೇಲೂ ಅವನು ಅವಳನ್ನೇ ನೋಡುತ್ತಿದ್ದ.

ಲಾರಿ ತಲುಪಿತು. ಎಂಜಿನ್ ಹೊಳೆದಂಡೆಯಲ್ಲಿ ಕೂತ ದಿನ ಅವನು ಓಡುತ್ತ ಬಂದು ಫೋನನ್ನು ಅವಳ ಕಿವಿಗೆ ಹಿಡಿದ.

ಡುಗು ಡುಗು ಡುಗು... ಅದರ ಹಿಂದೆ ನೀರಿನ ಸದ್ದು. ಅದರ ಮೇಲೆ, ಅರ್ಥವಾಗದ ಭಾಷೆಯಲ್ಲಿ ಒಬ್ಬ ಗಂಡಸಿನ ತುಂಬು ನಗು.

"ಏನಂತಾನೆ?"

"ಇದನ್ನ ಮಾಡಿದ ಕೈಗೆ ನಮಸ್ಕಾರ ಹೇಳು ಅಂತಾನೆ." ಅವನು ಫೋನನ್ನು ಹಿಂದಕ್ಕೆ ತೆಗೆದುಕೊಂಡ. "ಇನ್ನೂ ಏನೋ ಅಂದ. ಅದನ್ನ ಈಗ ಹೇಳಲ್ಲ."

ಅಪ್ಪ ಒಳಗಿನಿಂದ ಕೂಗಿದ. "ಈಗಲೇ ಹೇಳಿಬಿಡಪ್ಪ, ನನಗಂತೂ ಕೇಳಿಸಲ್ಲ."

ಅವಳ ಬದುಕಿನಲ್ಲಿ ಅಷ್ಟು ಸುಖದ ದಿನ ಅದೇ ಮೊದಲು.

* * *

ಅದಾಗಿ ಕೆಲವೇ ದಿನ. ಬೆಳಿಗ್ಗೆ ಅವಳು ಆಗಷ್ಟೇ ಶಟರ್ ಎತ್ತುತ್ತಿದ್ದಳು.

ಅವನು ಬಂದ. ಕೈಯಲ್ಲಿ ಫೋನು. ಕಾಲಲ್ಲಿ ಚಪ್ಪಲಿಯಿರಲಿಲ್ಲ.

"ಆ ಎಂಜಿನ್... ನೀವೇ ಅಲ್ವಾ ಮಾಡಿದ್ದು?"

"ಹೌದು. ಯಾಕೆ, ಏನಾಯ್ತು?"

ಅವನು ಫೋನನ್ನು ಎದೆಗೆ ಒತ್ತಿಕೊಂಡ. ಅವಳ ಮುಖವನ್ನೇ, ಅಪರಿಚಿತಳನ್ನು ನೋಡುವಂತೆ ನೋಡಿದ. ಆಮೇಲೆ ತಿರುಗಿ ಹೊರಟುಹೋದ. ಅವಳು ಕೂಗಿದರೂ ನಿಲ್ಲಲಿಲ್ಲ.

ಮಧ್ಯಾಹ್ನ ಗೋಡೌನ್ ನಡೆಸುತ್ತಿದ್ದ ಮೇಡಂ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ.

"ಅವನ ತಮ್ಮ ಹೋಗಿಬಿಟ್ಟನಂತೆ ಕಣಮ್ಮ. ಹೊಲಕ್ಕೆ ನೀರು ಬಿಡೋಕೆ ಅಂತ ಪಂಪಿನ ಹತ್ರ ಹೋಗಿದ್ದಾಗ ಫಿರಂಗಿ ಶೆಲ್ ಬಿತ್ತಂತೆ."

ಅವಳ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ಉಳಿಯಿತು.

'ಪಂಪಿನ ಹತ್ರ... ಸ್ಟಾರ್ಟ್ ಆಗಿರಲಿಲ್ಲವೇನೋ. ಬಯಲಲ್ಲಿ ನಿಂತು ಮತ್ತೆ ಮತ್ತೆ ತಿರುಗಿಸುತ್ತಿದ್ದನೇನೋ. ಒಂದೇ ಸಲಕ್ಕೆ ಸ್ಟಾರ್ಟ್ ಆಗಿದ್ದರೆ ಅಷ್ಟರಲ್ಲಿ ಅಲ್ಲಿಂದ ಹೊರಟಿರುತ್ತಿದ್ದ...'

'ನೀವೇ ಅಲ್ವಾ ಮಾಡಿದ್ದು?' ಅವನು ಕೇಳಿದ್ದು ಇದನ್ನೇ. ಬೇರೆ ಇನ್ನೇನಿರಲು ಸಾಧ್ಯ?

ಅಂದಿನಿಂದ ಅವನು ಬರಲಿಲ್ಲ. ಅಪ್ಪನ ಬಾಯಲ್ಲಿ 'ಪರದೇಶಿ' ಎಂಬ ಮಾತೂ ನಿಂತುಹೋಯಿತು.

ಕಣ್ಣು ಮುಚ್ಚಿದರೆ ಮುಖವಿಲ್ಲದ ಒಬ್ಬ ಮನುಷ್ಯ ಹ್ಯಾಂಡಲ್ ತಿರುಗಿಸುತ್ತಿದ್ದ. ಎಂಜಿನ್ ಕೆಮ್ಮುತ್ತಿತ್ತು. ಹಿಡಿದುಕೊಳ್ಳುತ್ತಲೇ ಇರಲಿಲ್ಲ. ಎಚ್ಚರವಾದಾಗ ಅವಳ ಬಲಗೈ ಸೋತು ನೋಯುತ್ತಿತ್ತು.

ಮೇಡಂ ಮತ್ತೆ ಬಂದರು. "ಬಿತ್ತನೆ ಹೊತ್ತು ಮೀರ್ತಿದೆ. ಆಚೆ ಜನ ಪಂಪಿಗೆ ಕಾಯ್ತಿದ್ದಾರೆ."

"ನನ್ನ ಕೈಲಿ ಆಗಲ್ಲ ಮೇಡಂ. ನನ್ನ ಕೈ ಮುಟ್ಟಿದ್ದು ಯಾರಿಗೂ ಬೇಡ."

ಮೇಡಂ ಹೋದ ಮೇಲೆ ಅಪ್ಪ ಬಂದು ಪಕ್ಕದಲ್ಲಿ ಕೂತ. ಅವಳು ಅಳುವುದು ಅವನಿಗೆ ಕೇಳಿಸಿರಲಾರದು. ಕಂಡಿತ್ತು.

"ಅವನು ನಿನ್ನ ಬೈದನಾ?"

ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ? ಯಾರನ್ನೂ ಕೇಳದೆ ನಿನಗೆ ನೀನೇ ತೀರ್ಪು ಕೊಟ್ಕೊಂಡು ಕೂತಿದ್ದೀಯಲ್ಲ. ಹೋಗು, ಕೇಳು. ಬೈದರೆ ಬೈಸಿಕೊಂಡು ಬಾ. ಅವನ ಎದೆಯಾದರೂ ಹಗುರಾಗುತ್ತೆ."

* * *

ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಒಂದೇ ಕೋಣೆ ಅವನದು. ಅವಳು ಕಬ್ಬಿಣದ ಮೆಟ್ಟಿಲು ಹತ್ತಿದಳು.

ಬಾಗಿಲು ಹಾಕಿರಲಿಲ್ಲ. ತಳ ಹಿಡಿದ ಅನ್ನದ ಪಾತ್ರೆ ಒಲೆಯ ಮೇಲೆಯೇ ಇತ್ತು. ಬಕೆಟ್ಟಿನಲ್ಲೇ ಉಳಿದಿದ್ದ ಒಗೆದ ಅಂಗಿಯಿಂದ ಹುಳಿ ವಾಸನೆ ಬರುತ್ತಿತ್ತು. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಮುಂದೆ ಬೋರಲಾಗಿ ಬಿದ್ದಿದ್ದ ಫೋನು ನಡುಗಿ ನಡುಗಿ ಸುಮ್ಮನಾಯಿತು. ಅವನು ಅದನ್ನು ಮುಟ್ಟಲಿಲ್ಲ.

ಅವಳು ಹೊಸ್ತಿಲಲ್ಲೇ ನಿಂತು ಹೇಳಿದಳು. "ನಾಝಲ್ ಹಳೇದು ಅಂತ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ. ಅದು ಸ್ಟಾರ್ಟ್ ಆಗದೆ ನಿಮ್ಮ ತಮ್ಮ ಅಲ್ಲೇ... ನಿಮ್ಮ ಕೈಯಾರೆ ಎರಡೇಟು ಹೊಡೆದುಬಿಡಿ. ಹೀಗೆ ಸುಮ್ಮನಿರಬೇಡಿ. ಇದನ್ನ ತಡೆಯೋಕಾಗಲ್ಲ."

ಅವನು ಅರ್ಥವಾಗದವನಂತೆ ನೋಡಿದ.

"ಸ್ಟಾರ್ಟ್ ಆಗದೆ?" ಅವನ ದನಿ ಒಡೆದಿತ್ತು. "ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತಂತೆ. ದಿನಾ ಒಂದೇ ಸಲಕ್ಕೆ. ಅವನು ಆಗಲೇ ಹೊಲದ ಆ ತುದಿಯಲ್ಲಿ ಗುದ್ದಲಿ ಹಿಡಿದು ಕಾಲುವೆಗೆ ನೀರು ತಿರುಗಿಸ್ತಿದ್ದ. ಅಲ್ಲಿ ಬಿತ್ತು."

ಅವಳು ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಳು.

"ಮತ್ತೆ ಅವತ್ತು... ನೀವೇ ಅಲ್ವಾ ಮಾಡಿದ್ದು ಅಂತ ಕೇಳಿದ್ರಲ್ಲ..."

"ತಮ್ಮನ ಹೆಂಡತಿ ಫೋನಲ್ಲಿದ್ದಳು. ಎಂಜಿನ್ ಇನ್ನೂ ಓಡ್ತಾನೇ ಇತ್ತು. ಅವನನ್ನ ಎತ್ಕೊಂಡು ಬಂದ ಮೇಲೂ. ಅದನ್ನ ನಿಲ್ಲಿಸೋದು ಯಾರಿಗೂ ಗೊತ್ತಿರಲಿಲ್ಲ, ಅವನಿಗೊಬ್ಬನಿಗೇ ಗೊತ್ತಿದ್ದದ್ದು. ನಿಲ್ಲಿಸೋದು ಹೇಗೆ ಅಂತ ಕೇಳ್ಕೊಂಡು ಬಾ ಅಂದಳು. ಅದಕ್ಕೇ ನಿಮ್ಮ ಹತ್ರ ಓಡಿ ಬಂದೆ."

"ಕೇಳಲೇ ಇಲ್ಲವಲ್ಲ..."

"ಫೋನಲ್ಲಿ ಅದರ ಸದ್ದು ಕೇಳಿಸ್ತಿತ್ತು. ಅವನೇ ಹಚ್ಚಿದ್ದು. ನಿಂತುಹೋದ್ರೆ ಅವನು ಸತ್ತಿದ್ದು ನಿಜ ಆಗಿಬಿಡುತ್ತೆ ಅನ್ನಿಸ್ತು." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಡೀಸೆಲ್ ಮುಗಿಯೋ ತನಕ ಓಡ್ತಂತೆ. ಸಸಿ ಮಡಿಯೆಲ್ಲ ಮುಳುಗಿಹೋಯ್ತಂತೆ. ನಿಮ್ಮದೇನೂ ತಪ್ಪಿಲ್ಲ. ಶಿಬಿರದಲ್ಲಿ ಬದುಕಿದ್ದವನನ್ನ ಊರಿಗೆ ಹೋಗು ಅಂದವನು ನಾನು. ನಿಮ್ಮ ಅಷ್ಟು ಒಳ್ಳೆ ಕೆಲಸಾನ ನನ್ನ ತಮ್ಮನ ಸಾವಿಗೆ ಕಟ್ಟಿದವನು ನಾನು. ಯಾವ ಮುಖ ಇಟ್ಕೊಂಡು ನಿಮ್ಮ ಎದುರಿಗೆ ಬರಲಿ?"

ಇಷ್ಟು ದಿನ ಇಬ್ಬರೂ ಒಂದೇ ಹೊರೆಯನ್ನು ಬೇರೆ ಬೇರೆ ಕೋಣೆಯಲ್ಲಿ ಹೊತ್ತು ಕೂತಿದ್ದರು.

ಫೋನು ಮತ್ತೆ ನಡುಗಿತು.

"ತಮ್ಮನ ಹೆಂಡತಿ," ಎಂದ. "ಬೈಯೋಕೆ ಫೋನ್ ಮಾಡ್ತಿದ್ದಾಳೆ. ನನಗೆ ಧೈರ್ಯ ಇಲ್ಲ."

"ನನ್ನ ಅಪ್ಪ ಹೇಳಿದ್ರು, ಬೈದರೆ ಬೈಸಿಕೊಳ್ಳಬೇಕು ಅಂತ," ಎನ್ನುತ್ತ ಅವಳೇ ಫೋನೆತ್ತಿ, ದನಿ ಇಬ್ಬರಿಗೂ ಕೇಳುವಂತೆ ಮಾಡಿ ಅವನ ಮುಂದೆ ಹಿಡಿದಳು.

ಬತ್ತಿದ, ದಣಿದ ಹೆಣ್ಣು ದನಿ. ಬೈಗುಳದಂತೆ ಕೇಳಿಸಲಿಲ್ಲ. ಕೇಳುತ್ತ ಕೇಳುತ್ತ ಅವನ ಮುಖ ಬದಲಾಯಿತು.

"ಏನಂತೆ?"

"ಡೀಸೆಲ್ ತಂದು ಪಂಪಿನ ಹತ್ರಾನೇ ನಿಂತಿದ್ದಾಳಂತೆ. ಎಂಜಿನ್ ಹಚ್ಚೋದು ಹೇಗೆ ಅಂತ ಕೇಳ್ತಾಳೆ. ಶಿಬಿರದಲ್ಲಿ ಊಟ ಕೊಡೋದು ನಿಲ್ಲಿಸಿದ್ದಾರೆ, ಇನ್ನೆಲ್ಲಿಗೆ ಹೋಗಲಿ ಅಂತಾಳೆ." ಅವನು ಅವಳ ಮಣಿಕಟ್ಟು ಹಿಡಿದ. "ಹೇಳಬೇಡಿ. ಅದೇ ಹೊಲ. ಅವಳೂ ಹೋದ್ರೆ?"

ಅವಳು ಲೆಕ್ಕ ಹಾಕಿದಳು. ಹೇಳಿದರೆ ಆ ಹೆಂಗಸು ದಿನವೂ ಆ ಬಯಲಿಗೆ ಹೋಗುತ್ತಾಳೆ. ಹೇಳದಿದ್ದರೂ ಹೋಗುತ್ತಾಳೆ, ಬಕೆಟ್ಟು ಹಿಡಿದು, ಹೊಳೆಯಿಂದ ಹೊಲಕ್ಕೆ ದಿನವೆಲ್ಲ ಓಡಾಡುತ್ತಾಳೆ. ಹೊಟ್ಟೆ ಕೇಳಬೇಕಲ್ಲ.

"ನಿಲ್ಲಿಸೋದು ಮೊದಲು ಹೇಳ್ತೀನಿ," ಎಂದಳು. "ಹಚ್ಚೋದು ಆಮೇಲೆ. ನಾನು ಹೇಳಿದ್ದನ್ನ ಹಾಗೇ ಅವಳಿಗೆ ಹೇಳಿ."

ಅವಳು ಒಂದೊಂದೇ ಮಾತು ಹೇಳಿದಳು. ಅವನು ಅದನ್ನು ತನ್ನ ಭಾಷೆಗೆ ತಂದ. ಪಕ್ಕದ ಸಣ್ಣ ಲಿವರನ್ನು ಎಳೆದು, ಪೂರ್ತಿ ನಿಲ್ಲುವ ತನಕ ಬಿಡದೆ ಹಿಡಿಯಬೇಕು. ಡೀಸೆಲ್ ಖಾಲಿಯಾಗಿದ್ದರಿಂದ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯಬೇಕು. ಗುಳ್ಳೆ ನಿಂತ ಮೇಲೆ ಬಿಗಿ ಮಾಡಬೇಕು. ಮೇಲಿನ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿ, ವೇಗ ಬಂದೊಡನೆ ಲಿವರ್ ಬಿಡಬೇಕು. ಕೆಳಗೆ ಪ್ರೆಸ್ಸಿನ ಯಂತ್ರ ಬಡಿದುಕೊಳ್ಳುತ್ತಿತ್ತು. ಫೋನಿನಾಚೆ ಆ ಹೆಂಗಸು ಏದುಸಿರು ಬಿಡುತ್ತಿದ್ದಳು.

ಒಂದು ಕೆಮ್ಮು. ಮತ್ತೆ ಮೌನ. ಮತ್ತೆ ಕೆಮ್ಮು.

ಡುಗು ಡುಗು ಡುಗು...

ಅವನು ಕಣ್ಣು ಮುಚ್ಚಿದ.

"ಈಗ ಒಂದ್ಸಲ ನಿಲ್ಲಿಸೋಕೆ ಹೇಳಿ," ಎಂದಳು ಅವಳು ಮೆಲ್ಲಗೆ. "ಅವಳ ಕೈಗೆ ಬರಬೇಕು."

ಅವನು ತುಂಬ ಹೊತ್ತು ಹೇಳಲಿಲ್ಲ. ಆಮೇಲೆ ಹೇಳಿದ. ಒಂದೇ ಶಬ್ದ.

ಸದ್ದು ತಗ್ಗಿತು, ತಡವರಿಸಿತು, ನಿಂತಿತು.

ಆ ಮೌನದಲ್ಲಿ ಅವನು ಅತ್ತ. ಸುದ್ದಿ ಬಂದ ದಿನದಿಂದ ಅಳದಿದ್ದವನು, ತಮ್ಮನ ಹೆಸರು ಕೂಗಿ, ಗೋಡೆಗೆ ತಲೆ ಬಡಿದುಕೊಂಡು ಅತ್ತ. ಅವಳು ಗೋಡೆಗೂ ಅವನ ತಲೆಗೂ ನಡುವೆ ತನ್ನ ಅಂಗೈ ಇಟ್ಟಳು. ಫೋನಿನ ಆ ಕಡೆ ಅವನ ತಮ್ಮನ ಹೆಂಡತಿಯೂ ಅಳುತ್ತಿದ್ದಳು. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ಹೇಳಲು ಸಮಾಧಾನ ಎಲ್ಲಿತ್ತು? ಆ ಹೊಲದ ಮೇಲೆ ನಾಳೆಯೂ ಶೆಲ್ ಬೀಳಬಹುದಿತ್ತು.

ಕರೆ ಕಡಿದುಹೋಯಿತು. ಬಿಸಿಲು ಕಿಟಕಿಯಿಂದ ಜಾರಿ ಗೋಡೆಗೆ ಹೋಗಿತ್ತು. ಅವಳು ಎದ್ದು, ತಳ ಹಿಡಿದ ಪಾತ್ರೆಯನ್ನು ನೆನೆಹಾಕಿ, ಬೇರೆ ಪಾತ್ರೆಯಲ್ಲಿ ಅಕ್ಕಿ ತೊಳೆದು ಇಟ್ಟಳು.

"ನೀವು ಹೊರಡಿ," ಎಂದ ಅವನು. "ನನ್ನ ಹತ್ರ ಕೊಡೋಕೆ ಏನೂ ಉಳಿದಿಲ್ಲ. ನಗು ಕೂಡ ಇಲ್ಲ."

"ನಗು ಕೇಳೋಕೆ ಬಂದೋಳಲ್ಲ ನಾನು."

"ಮತ್ತೆ?"

ಅವಳು ಒಲೆಯ ಕಡೆಯೇ ನೋಡುತ್ತ ಹೇಳಿದಳು. "ನಿಮ್ಮನ್ನ ಕಂಡರೆ ನನಗೆ ಪ್ರಾಣ. ಎಂದಿನಿಂದ ಅಂತ ಕೇಳಬೇಡಿ. ಇಂಥ ದಿನ ಹೇಳೋ ಮಾತಲ್ಲ ಅಂತ ಗೊತ್ತು. ಆದರೆ ಒಳ್ಳೆ ದಿನ ಬರುತ್ತೆ ಅಂತ ಕಾಯೋಕೆ ನನಗೆ ಈಗ ಭಯ."

ಒಲೆಯ ಮೇಲೆ ಅನ್ನ ಕುದಿಯತೊಡಗಿತು.

ಅವನು ಮಸಿ ಹತ್ತಿದ ಅವಳ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡ. ಯಾವತ್ತೂ 'ನೀವು' ಎನ್ನುತ್ತಿದ್ದವನು ಅಂದ:

"ನೀನು ಹೋಗಬೇಡ."

"ಹೋಗಲ್ಲ."

"ನಾನು ಮಾತಾಡದೇ ಕೂತಿದ್ರೂ?"

"ಕೂತಿರು. ನಾನು ಪಕ್ಕದಲ್ಲಿ ಇರ್ತೀನಿ."