ಕತ್ತರಿಸಿ ಎಸೆದ ಸದ್ದು

ನನ್ನ ತಂಗಿಯ ದನಿ ಕೇಳಿದರೆ ಹೊರಟುಹೋದ ರೈಲು ಹಿಂದಕ್ಕೆ ಬರುತ್ತಿತ್ತು. ನಿಮ್ಮಾಣೆ! ಡ್ರೈವರೇ ಇಳಿದು ಬಂದು, "ಇನ್ನೊಂದು ಪುಟ ಓದಿ ಮೇಡಂ" ಅಂತ ಕೈಮುಗಿದಿದ್ದ.

ಕಾದಂಬರಿಗಳನ್ನು ಓದಿ ರೆಕಾರ್ಡ್ ಮಾಡಿಸುವುದು ಅವಳ ಕೆಲಸ. ಅಂಥವಳನ್ನು ಮೊದಲ ದಿನವೇ ತಡೆದವನು ಗಾಜಿನಾಚೆ ಕೂತ ರೆಕಾರ್ಡಿಸ್ಟ್.

"ನಿಲ್ಸಿ. ಬಾಯಲ್ಲಿ ಚಟ್ ಚಟ್ ಅಂತಿದೆ."

"ನಿಮ್ಮ ಕಿವಿನ ಡಾಕ್ಟರಿಗೆ ತೋರಿಸ್ಕೊಳ್ಳಿ!"

ಅವನು ನಕ್ಕ. ಆ ನಗುವಿಗೆ ಸ್ಟುಡಿಯೋದ ದೀಪಗಳೆಲ್ಲ ನಾಚಿ ಆರಿಹೋದವು... ಸರಿ, ಒಂದು ಆರಿತು.

ಆಮೇಲೆ ಅವನು ಆ ಮಾತೆತ್ತಲಿಲ್ಲ. ಒಣನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ಪ್ರತಿ ಸದ್ದನ್ನೂ ಕಂಪ್ಯೂಟರಿನಲ್ಲಿ ಕತ್ತರಿಸಿ ಎಸೆದ. ಕೇಳುಗರಿಗೆ ಅವಳ ದನಿ ಜೇನಾಗಿಯೇ ಉಳಿಯಿತು. ಇಬ್ಬರ ನಡುವೆ ಪ್ರೀತಿಯೂ ಹುಟ್ಟಿತು.

ಬರಬರುತ್ತಾ ಅವಳ ಕಣ್ಣಲ್ಲಿ ಮರಳು ಬಿದ್ದಂಥ ಉರಿ. 'ನಿದ್ದೆ ಸಾಲ್ತಿಲ್ಲ' ಅಂದುಕೊಂಡಳು. ನೀರಿಲ್ಲದೆ ತುತ್ತು ಇಳಿಯದು. ದವಡೆಹಲ್ಲುಗಳು ಒಂದರ ಹಿಂದೊಂದು ಹುಳುಕಾದವು. ಕೊನೆಗೆ ಹಲ್ಲಿನ ಡಾಕ್ಟರೇ ದೊಡ್ಡಾಸ್ಪತ್ರೆಗೆ ಕಳಿಸಿದರು.

"ನಿಮ್ಮ ದೇಹದ ಕಾವಲುಪಡೆಯೇ ಕಣ್ಣೀರಿನ, ಎಂಜಲಿನ ಗ್ರಂಥಿಗಳ ಮೇಲೆ ಬಿದ್ದಿದೆ," ಅಂದರು ಅಲ್ಲಿನ ಡಾಕ್ಟರಮ್ಮ. "ಪೂರ್ತಿ ವಾಸಿಯಾಗಲ್ಲ, ಹತೋಟಿಯಲ್ಲಿಡಬಹುದು. ಬಾಯಿ ಇಷ್ಟು ಒಣಗಿದ್ದು ಯಾರಿಗೂ ಗೊತ್ತಾಗ್ಲಿಲ್ವಾ?"

ಅವಳಿಗೆ ಆ ಚಟ್ ಚಟ್ ನೆನಪಾಯಿತು. ಸೀದಾ ಸ್ಟುಡಿಯೋಗೆ ಹೋದಳು.

"ನಿಂಗೆ ಕೇಳಿಸ್ತಿತ್ತು ಅಲ್ವಾ?"

"ಹೂಂ... ಬರ್ತಾ ಬರ್ತಾ ಜಾಸ್ತಿ ಆಗ್ತಿತ್ತು. ನಿನ್ನ ಕೆಲಸ ಹೋಗುತ್ತೆ ಅಂತ ಕತ್ತರಿಸ್ತಾ ಹೋದೆ."

"ಕೆಲಸ ಉಳೀತು. ಹಲ್ಲು ಹೋದ್ವಲ್ಲೋ ಪುಣ್ಯಾತ್ಮ!"

ಅವನ ಜೊತೆ ಮಾತು ಬಿಟ್ಟಳು. ಕಣ್ಣಿಗೆ ಹನಿ, ಬಾಯಿಗೆ ಗುಟುಕು ಗುಟುಕು ನೀರು, ಮಾತ್ರೆ... ಅವಳ ದಿನಗಳು ಅಷ್ಟಕ್ಕೇ ನಿಂತವು.

ಕೊನೆಗೊಂದು ಸಂಜೆ ಅವನೇ ನಮ್ಮ ಮನೆ ಬಾಗಿಲಿಗೆ ಬಂದ.

"ಇನ್ಮೇಲೆ ಏನು ಕೇಳಿಸಿದ್ರೂ, ಏನು ಕಂಡ್ರೂ ಮೊದಲು ನಿಂಗೇ ಹೇಳ್ತೀನಿ."

"ಈಗೇನು ಕಾಣ್ತಿದೆ, ಹೇಳು ನೋಡೋಣ."

ಅವನು ಅವಳ ಮುಖವನ್ನು ಬೆಳಕಿಗೆ ತಿರುಗಿಸಿದ. "ಎಡಗೆನ್ನೆ ಊದಿದೆ. ನಾಳೆನೇ ತೋರಿಸೋಣ. ನಂಗೆ ಭಯ ಆಗ್ತಿದೆ ಕಣೇ... ನೀನಂದ್ರೆ ಅಷ್ಟು ಪ್ರೀತಿ."

ಅಷ್ಟೇ! ನನ್ನ ತಂಗಿಯ ಕಣ್ಣಿಂದ ಹೊಳೆ ಹರಿದು, ಮನೆಯ ಕುರ್ಚಿಗಳೆಲ್ಲ ತೇಲಿ...

"ಅಕ್ಕಾ!" ಬೆನ್ನ ಹಿಂದೆ ನಿಂತು ಇದನ್ನು ಓದುತ್ತಿದ್ದ ತಂಗಿ ತಡೆದಳು. "ಹೊಳೆನಾ? ಯಾರ ಕಣ್ಣಿಂದ?"

ಸಿಕ್ಕಿಬಿದ್ದೆ. ನಿಜ ಹೇಳಿಬಿಡ್ತೀನಿ. ಒಂದು ಹನಿಯೂ ಬರಲಿಲ್ಲ. ಅಳಲು ಹೋಗಿ ಮುಖವೆಲ್ಲ ಹಿಂಡಿಕೊಂಡಿತು, ಕಣ್ಣು ಕೆಂಡವಾಯಿತು. ಅವನು ಅವಳ ತಲೆಯನ್ನು ತೋಳಿಗೆ ಒರಗಿಸಿಕೊಂಡು, ರೆಪ್ಪೆ ಬಿಡಿಸಿ, ಔಷಧದ ಹನಿ ಹಾಕಿದ. ಕೆನ್ನೆಯ ಊತದಿಂದ ತೆಗೆದ ತುಣುಕು ಈಗ ಕ್ಯಾನ್ಸರ್ ಪರೀಕ್ಷೆಗೆ ಹೋಗಿದೆ. ರಿಪೋರ್ಟ್ ಬಂದಿಲ್ಲ.

"ಉರೀತಿದ್ಯಾ?" ಅಂತ ಕೇಳಿದ್ದ ಅವತ್ತು, ಹನಿ ಹಾಕಿದ ಮೇಲೆ.

"ಹೂಂ. ಇರು... ಕೈ ತೆಗೀಬೇಡ."