ನಡುಹಗ್ಗದ ತಟ್ಟು

ಹಿಂಗಾರಿ ಬಿತ್ತನೆಯ ಕಾಲ, ಎಳೆಬಿಸಿಲಿನ ಹೊತ್ತು. ಕೃಷ್ಣೆಯ ದಡದ ಪರೀಕ್ಷಾಲಯದಲ್ಲಿ ಎಳೆತಯಂತ್ರ ಒಂದು ತುಂಡು ಲೋಹವನ್ನು ಎರಡೂ ತುದಿಗೆ ಹಿಡಿದು ಕಾದಿತ್ತು.

ನಡುಗಡ್ಡೆಯ ತೂಗುಸೇತುವೆಯ ಹಗ್ಗ ಭಾರಸ್ಮೃತಿ ಲೋಹದ್ದು. ಮೇಲೆ ಬಿದ್ದ ಪ್ರತಿ ಭಾರವನ್ನೂ ಅದು ತನ್ನ ಹರಳುಗಳೊಳಗೆ ಸುಕ್ಕಾಗಿ ಇಟ್ಟುಕೊಳ್ಳುತ್ತದೆ. ಯಂತ್ರ ಎಳೆದಂತೆ ಆ ಸುಕ್ಕುಗಳು ಹಳೆಯದು ಮೊದಲಾಗಿ ಬಿಚ್ಚಿ ಸದ್ದಾಗುತ್ತವೆ. ಲೋಹ ಎಷ್ಟು ದಣಿದಿದೆಯೆಂದು ತಿಳಿಯುವುದು ಹಾಗೆ. ಆದರೆ ತುಂಡಾಗುವವರೆಗೂ ಎಳೆಯಬೇಕು. ಒಮ್ಮೆ ಕೇಳಿದ್ದು ಮತ್ತೆ ಇಲ್ಲ.

ಶ್ರಾವಣದ ಪ್ರವಾಹ ಈ ಹಗ್ಗದ ಮೇಲೆಯೇ ಹರಿದು ಸೇತುವೆಯನ್ನು ಕಿತ್ತಿತ್ತು; ಉಳಿದ ಹಗ್ಗದಿಂದ ಕತ್ತರಿಸಿದ್ದೇ ಯಂತ್ರದಲ್ಲಿದ್ದ ತುಂಡು. ಅದೇ ದಿನ ನಡುಗಡ್ಡೆಯ ಹುಲಿಗೆಮ್ಮನ ಗಂಡ ಅಮರಪ್ಪ ಜಗಳಾಡಿ, ಬಟ್ಟೆಗಂಟು ಹೊತ್ತು ಮನೆ ಬಿಟ್ಟಿದ್ದ. ಓಡಿಹೋದ ಎಂದರು ಊರವರು. ಬಳೆ ಇಟ್ಟುಕೊಳ್ಳಬೇಕೋ ಒಡೆಯಬೇಕೋ ತಿಳಿಯದೆ ಅವಳು ಈಗ ಯಂತ್ರದ ಮುಂದೆ ಬಂದು ನಿಂತಿದ್ದಳು.

“ಅಕ್ಕಾರ, ಇದು ನನ್ನ ಗಂಡನ್ನ ತೋರಸ್ತೈತೇನ್ರಿ?”

“ಮುಖ ತೋರ್ಸೂದಿಲ್ಲ ಹುಲಿಗೆಮ್ಮ, ಹೆಜ್ಜಿ ಭಾರ ಅಷ್ಟ,” ಎಂದರು ವಿಜ್ಞಾನಿ ಶಶಿರೇಖಾ ಇನಾಂದಾರ. “ಅವತ್ತು ಬ್ಯಾರೆ ಯಾರರ ದಾಟಿದ್ರ?”

“ನೀರು ಏರಾಕತ್ತಿತ್ರಿ. ಆ ಮೂಳನ್ನ ಬಿಟ್ರ ಯಾರು ಹೋಗ್ತಾರ? ಎಡಗಾಲು ಎಳೀತಾನ. ಎಮ್ಮಿ ಅವಗಿಂತ ನೆಟ್ಟಗ ನಡೀತೈತಿ.”

“ತುಂಡಾದ್ರ ಮತ್ತ ಕೇಳಾಕ ಬರೂದಿಲ್ಲ, ನೋಡು.”

“ಎಳೀರಿ.”

ಯಂತ್ರ ಎಳೆಯಿತು. ಕುರಿಗಳ ಗೊರಸು, ಮದುವೆಯ ದಿಬ್ಬಣ, ಹಾಲಿನವನ ಸೈಕಲ್ಲು. ಕೊನೆಗೆ ಒಂದು ಹೆಜ್ಜೆ ಗಟ್ಟಿ, ಒಂದು ಎಳೆದದ್ದು. ಸೇತುವೆಯ ನಡುವೆ ನಿಂತು ಹಗ್ಗಕ್ಕೆ ಒಂದು ತಟ್ಟು. ನಡುಗಡ್ಡೆಯವರ ಪದ್ಧತಿ ಅದು: ಹೋಗುವಾಗ ಹೊಳೆಗೆ ಹೇಳಿ ಒಂದು ತಟ್ಟು, ಮನೆಗೆ ಬರುವಾಗ ಎರಡು.

ಹೆಜ್ಜೆ ಆಚೆ ದಡದತ್ತ ಸಣ್ಣದಾಗಿ ಅಡಗಿತು.

“ಹೋಗೇ ಬಿಟ್ಟ,” ಎಂದಳು ಹುಲಿಗೆಮ್ಮ.

ಶಶಿರೇಖಾ ಕೈ ಎತ್ತಿದರು. “ತಡಿ.”

ಎಳೆಯುವ ಕಾಲು ಮರಳಿ ಬರುತ್ತಿತ್ತು, ಅವಸರದಿಂದ. ನಡುವೆ ನಿಂತಿತು. ತಟ್ಟು. ಇನ್ನೊಂದು ತಟ್ಟು. ಆಮೇಲೆ ಹೆಜ್ಜೆಯಿಲ್ಲ, ಇಡೀ ಹೊಳೆಯ ಭಾರ ಒಮ್ಮೆಲೇ. ಲೋಹ ಫಟ್ಟೆಂದು ತುಂಡಾಯಿತು.

“ಮನಿಗೆ ಬರಾಕತ್ತಿದ್ದ,” ಎಂದಳು. ಯಂತ್ರದ ಅಂಚಿಗೆ ಕೈ ಬಡಿದು ಬಳೆ ಒಡೆದುಕೊಂಡಳು.

ಲೋಹಕ್ಕೆ ದಣಿವಿಲ್ಲವೆಂದು ವರದಿ ಹೋಯಿತು. ಹೊಸ ಹಗ್ಗವೂ ಅದರದ್ದೇ ಬಂತು. ಯಾರೂ ಎಣಿಸದಿದ್ದದ್ದು ಇನ್ನೊಂದು: ಸಿಟ್ಟಿನಿಂದ ಮನೆ ಬಿಟ್ಟವರು ಈಗ ನಡುಸೇತುವೆಯಲ್ಲಿ ತಟ್ಟಲು ಕೈಯೆತ್ತಿ, ತಟ್ಟದೆ ಹಿಂದಿರುಗುತ್ತಾರೆ. ಶಶಿರೇಖಾ ದಿನವೂ ಹಗ್ಗಕ್ಕೆ ಕಿವಿಯಿಟ್ಟು ನಿಲ್ಲುತ್ತಾರೆ, ಎರಡು ತಟ್ಟಿಗೆ.

ಹೊಸ ಹಗ್ಗಕ್ಕೆ ಹುಲಿಗೆಮ್ಮ ಈವರೆಗೆ ತಟ್ಟಿದ್ದು ಒಂದೇ. ಅವಳು ತವರಿಗೆ ಹೊರಟದ್ದು ದೀಪಾವಳಿಯ ಮುಂಚಿನ ಸೋಮವಾರ.