ಬ್ಯಾಗ್ ತರಬೇಡಿ

"ಬ್ಯಾಗ್ ಜಗಲಿಯಲ್ಲೇ ಇರಲಿ. ಬೇಕಾದರೆ ಸ್ಕ್ರೀನ್ ನೋಡಿ. ಮಾತಾಡುವ ಹಾಗಿಲ್ಲ, ಕೈ ಹಾಕುವ ಹಾಗೂ ಇಲ್ಲ," ಎಂದಳು ವಾಗ್ದೇವಿ.

ನಾನು ದೇವಿಪ್ರಸಾದ್, ಬಂಟ್ವಾಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಟೂಲ್ಸ್ ಬ್ಯಾಗ್ ಹೊರಗಿಟ್ಟು ಬಾಯಿ ಮುಚ್ಚಿ ಕೂರುವುದು ನನಗೆ ಶಿಕ್ಷೆಯೇ. ಆದರೂ ತೋಡಾರಿನ ಅವಳ ಮನೆಯಲ್ಲಿ ಹಾಗೆಯೇ ಕೂತೆ. ಅವಳ ಅಮ್ಮ ಬೆಲ್ಲ, ನೀರು ಕೊಟ್ಟರು. ನೀರು ಕುಡಿದೆ, ಬೆಲ್ಲ ಮುಷ್ಟಿಯಲ್ಲೇ ಉಳಿಯಿತು.

ವಾಗ್ದೇವಿ ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರ್. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಇದ್ದರೆ ಕಂಪ್ಯೂಟರಿನಲ್ಲಿ ನನಗಿಂತ ಚುರುಕು. ಆದರೆ ಕಂಪ್ಯೂಟರನ್ನು ನಡೆಸುವ ಓಎಸ್ ಕೆಟ್ಟರೆ ಆ ಧ್ವನಿಯೂ ಹೋಗುತ್ತದೆ. ಆಗೆಲ್ಲ ನಾನು ಬೈಕ್ ಹತ್ತಿ ಬರುತ್ತಿದ್ದೆ. ಅವಳ ಲ್ಯಾಪ್‌ಟಾಪ್ ಕೆಡಲಿ ಎಂದು ಹರಕೆ ಹೊರುವುದೊಂದು ಬಾಕಿ ಇತ್ತು.

ಕಳೆದ ಸಲ ತಡೆಯಲಾರದೆ ಕೇಳಿಬಿಟ್ಟಿದ್ದೆ: "ಟೀಚರ್, ನಾವು ಮದುವೆ ಆಗುವನಾ?"

ಅವಳ ಕಿವಿ ಕೆಂಪಾಯಿತು. ತುಟಿಯಂಚಿಗೆ ನಗು ಬಂದು, ಹೋಯಿತು. "ನೀವು ಬಾರದೆ ನನ್ನ ಕಂಪ್ಯೂಟರ್ ಏಳುವುದಿಲ್ಲ ಪ್ರಸಾದ್. ಈಗ ಹೂಂ ಅಂದರೆ ಅದು ನಿಮಗಾ, ರಿಪೇರಿಗಾ ಅಂತ ನನಗೇ ಗೊತ್ತಾಗ್ಲಿಕ್ಕಿಲ್ಲ. ಮೊದಲು ಓಎಸ್ ನಾನೇ ಹಾಕ್ತೇನೆ. ಆಮೇಲೆ ಹೇಳ್ತೇನೆ."

ಮಾತಾಡುವ ಇನ್‌ಸ್ಟಾಲರ್ ಇರುವ ಲಿನಕ್ಸ್ ಎಂಬ ಓಎಸ್ ಹುಡುಕಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟವನೂ ನಾನೇ. ಇದು ಸರಿಯಾದರೆ ನಾನು ಇಲ್ಲಿಗೆ ಬರಲು ನೆಪವೇ ಇಲ್ಲ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೆ.

ಲ್ಯಾಪ್‌ಟಾಪ್ ಬೀಪ್ ಎಂದಿತು. ಧ್ವನಿ ಶುರುವಾಗಲೆಂದು ಅವಳು 'ಎಸ್' ಒತ್ತಿ ಎಂಟರ್ ಕೊಟ್ಟಳು. ಸದ್ದಿಲ್ಲ. ಅವಳು ಕಿವಿಯನ್ನು ಲ್ಯಾಪ್‌ಟಾಪಿನ ಹತ್ತಿರ ತಂದಳು. ಕೊನೆಗೂ ಯಂತ್ರದ ಇಂಗ್ಲಿಷ್ ಧ್ವನಿ ಭಾಷೆ ಯಾವುದೆಂದು ಕೇಳಿದಾಗ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

"ಉಸಿರಾಡ್ಲಿಕ್ಕೆ ಅಡ್ಡಿ ಇಲ್ಲ," ಎಂದಳು.

ಆಮೇಲೆ ಓಎಸ್ ಯಾವ ಡಿಸ್ಕಿಗೆ ಹಾಕಬೇಕೆಂದು ಆರಿಸುವ ಸರದಿ. ಧ್ವನಿ ಎರಡು ಡಿಸ್ಕ್ ಓದಿತು, ಎರಡರ ಗಾತ್ರವೂ ಒಂದೇ. ಒಂದು ಲ್ಯಾಪ್‌ಟಾಪಿನದು. ಇನ್ನೊಂದು, ಕಳಚಲು ಮರೆತು ವಯರಿನಲ್ಲೇ ಉಳಿದ ಹೊರಗಿನ ಡಿಸ್ಕ್. ಕಣ್ಣು ಕಾಣದ ಮಕ್ಕಳಿಗೆಂದು ಅವಳು ವರ್ಷಗಟ್ಟಲೆ ರೆಕಾರ್ಡ್ ಮಾಡಿದ ಪಾಠಗಳು ಅದೊಂದರಲ್ಲೇ ಇದ್ದವು. ಅವಳು ಎರಡನೆಯದನ್ನು ಒತ್ತಿದಳು. ಸ್ಕ್ರೀನಿನಲ್ಲಿ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದೇ ಪಾಠಗಳ ಡಿಸ್ಕ್. ಇದರಲ್ಲಿರುವುದೆಲ್ಲ ಅಳಿಸಲೇ ಎಂದು ಯಂತ್ರ ಕೇಳಿತು.

ಸುಮ್ಮನಿದ್ದರೆ ಪಾಠ ಹೋಗುತ್ತದೆ. ಬಾಯಿ ಬಿಟ್ಟರೆ ನನಗೆ ಸಿಗಬೇಕಾದ ಉತ್ತರ ಹೋಗುತ್ತದೆ. ಮುಷ್ಟಿಯೊಳಗೆ ಬೆಲ್ಲ ಅಂಟಾಯಿತು.

"ಬೇಡ," ಎಂದೆ.

ಆಗ ನೋಡಿದೆ, ಅವಳ ಎಡಗೈ ಆಗಲೇ ಆ ವಯರನ್ನು ಹಿಡಿದಿತ್ತು. "ನನಗೂ ಸಂಶಯ ಬಂತು. ಸಂಶಯದ್ದನ್ನು ಕಳಚಿ ಇಟ್ಟರೆ ಆಯ್ತಲ್ಲ." ಅವಳು ಯಂತ್ರಕ್ಕೆ ಬೇಡವೆಂದು ಉತ್ತರ ಕೊಟ್ಟು, ಲ್ಯಾಪ್‌ಟಾಪ್ ಆಫ್ ಮಾಡಿ, ವಯರ್ ತೆಗೆದು, ಮೊದಲಿನಿಂದ ಶುರು ಮಾಡಿದಳು.

ಅಮ್ಮ ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ. ಕೊನೆಗೆ ಹೊಸ ಓಎಸ್ ಅವಳ ಹೆಸರು ಓದಿ ಪಾಸ್‌ವರ್ಡ್ ಕೇಳಿತು. ವಾಗ್ದೇವಿ ಮುಖ ಮುಚ್ಚಿಕೊಂಡು ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು.

"ನಾನು ಹೊರಡ್ತೇನೆ ಟೀಚರ್. ಮಾತು ತಪ್ಪಿದೆ."

"ಹೌದು, ತಪ್ಪಿದ್ರಿ." ಅವಳು ನನ್ನ ಕಡೆ ತಿರುಗಿದಳು. "ನನ್ನ ಪಾಠ ಅಳಿಸಿ ಹೋಗುವಾಗ ಸುಮ್ಮನೆ ಕೂತು ನೋಡುವವರ ಜೊತೆ ನಾನು ಬದುಕುವುದು ಹೇಗೆ ಮಾರಾಯ್ರೇ?"

ಎದ್ದವನು ಅಲ್ಲೇ ಕೂತೆ. ಅವಳು ಕೈ ಚಾಚಿ ನನ್ನ ಮುಷ್ಟಿ ಹುಡುಕಿ, ಬೆರಳು ಬಿಡಿಸಿದಳು. "ಇದೆಂತ, ಇನ್ನೂ ತಿನ್ಲಿಲ್ವಾ?" ಎಂದು ಬೆಲ್ಲ ಮುರಿದು ಒಂದು ಚೂರು ತನ್ನ ಬಾಯಿಗೆ ಹಾಕಿಕೊಂಡಳು. ಉಳಿದದ್ದು ನನಗೆ.

"ಇನ್ನು ಕಂಪ್ಯೂಟರಿಗೆ ನೀವು ಬೇಡ," ಎಂದಳು. "ಆದಿತ್ಯವಾರ ಬನ್ನಿ. ಅಮ್ಮನ ಹತ್ತಿರ ಮಾತಾಡಿರ್ತೇನೆ. ಬ್ಯಾಗ್ ತರಬೇಡಿ."